ಐದನೇ ಮನೆ ಬಾಕಿ

ಹೋದ ತಿಂಗಳು ಅತ್ತೆಯನ್ನು ಕರೆದುಕೊಂಡು ನನ್ನ ತವರು ಕರಜಗಿಗೆ ಹೋಗಿದ್ದೆ. ತಮ್ಮನಿಗೆ ಗಂಡುಮಗು ಹುಟ್ಟಿತ್ತು. ಅವನ ಹೆಂಡತಿಗೆ ತಾಯಿ ಇಲ್ಲ, ಹಾಗಾಗಿ ಬಾಣಂತನ ನಮ್ಮ ಅವ್ವನ ಕೈಯಲ್ಲೇ. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು, ಅಂದರೆ ನನ್ನದು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವಾಗ ಪೂರಿ ಭಾಜಿ ತಿಂದು ಹೊಟ್ಟೆ ಗಟ್ಟಿ ಮಾಡಿಕೊಂಡೇ ಹತ್ತಿದ್ದೆ. ಆದರೂ ಹೊಸ್ತಿಲು ದಾಟುವಾಗ ಒಳಕೋಣೆಯಿಂದ ಕೆಂಡದ ಮೇಲೆ ಉದುರಿಸಿದ ಓಮಿನ ಕಾಳು, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಕರುಳು ಕಿತ್ತು ಬರುವಂಥ ಹಸಿವಾಯಿತು. ಆ ವಾಸನೆ ಎಲ್ಲರಿಗೂ ಕೂಸಿನ ವಾಸನೆ. ನನಗೆ ಮಾತ್ರ ಹಸಿವಿನ ವಾಸನೆ. ನಾನು ತಾಯಿಯಾದ ವರ್ಷ ಏನೇನು ಅನಿಸಿತು ಎಂದು ಯಾರಾದರೂ ಕೇಳಿದರೆ ಮಮತೆ, ಸುಖ, ದಣಿವು ಎಂದೆಲ್ಲ ಹೇಳಬೇಕು. ನಿಜ ಹೇಳುವುದಾದರೆ ಆ ವರ್ಷ ನನಗೆ ಹಸಿವಾಗಿತ್ತು.

ಮಗಳು ಈಗ ನನ್ನ ಗಂಡನ ಊರು ಹೋಟಗಿಯಲ್ಲಿ ಮರಾಠಿ ಸಾಲೆಗೆ ಹೋಗುತ್ತಾಳೆ. ಮನೆಯಲ್ಲಿ ನಮ್ಮ ಮಾತು, ಬೀದಿಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ ಕೂಡಿ. ಅವಳು ಹುಟ್ಟಿದ್ದು ಆಷಾಢದಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದ ವಾರ. ನೋವು ಶುರುವಾದಾಗ ಅವ್ವ ನನ್ನನ್ನು ಕರಜಗಿಯಿಂದ ಎಸ್‌ಟಿ ಬಸ್ಸಿಗೆ ಹತ್ತಿಸಿದಳು. ಕಂಡಕ್ಟರ್ ನನ್ನ ಮುಖ ನೋಡಿ ಮುಂದಿನ ಸೀಟಿನವರನ್ನೆಲ್ಲ ಎಬ್ಬಿಸಿದ, ಅಕ್ಕಲಕೋಟದವರೆಗೆ ಹೇಗಾದರೂ ತಡೆದುಕೊಳ್ಳಿ ತಾಯಿ ಎಂದು ಕೈಮುಗಿದ. ನನಗಿಂತ ಅವನೇ ಹೆಚ್ಚು ಹೆದರಿದ್ದ. ಅಕ್ಕಲಕೋಟದಲ್ಲಿ ಕೂಸು ಅಡ್ಡಬಿದ್ದಿದೆ, ಇಲ್ಲಿ ಆಗುವುದಿಲ್ಲ, ಸೊಲ್ಲಾಪುರಕ್ಕೆ ಒಯ್ಯಿರಿ ಎಂದರು. ಆಂಬುಲೆನ್ಸಿನ ಕಿಟಕಿಯಲ್ಲಿ ಮಳೆನೀರು ಇಳಿಯುವುದನ್ನು ನೋಡುತ್ತ, ಇವತ್ತು ನಾನೋ ಕೂಸೋ ಒಬ್ಬರು ಹೋಗುತ್ತೇವೆ ಎಂದುಕೊಂಡೆ. ಇಬ್ಬರೂ ಹೋಗಲಿಲ್ಲ. ಸೊಲ್ಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗಳನ್ನು ತೆಗೆದರು.

ಅಪ್ಪ ಆಗ ಕುರಿ ಹೊಡೆದುಕೊಂಡು ಬೋರಾಮಣಿಯ ಹುಲ್ಲುಗಾವಲಿನಲ್ಲಿದ್ದ. ಸುದ್ದಿ ತಿಳಿದು, ಕುರಿಗಳನ್ನು ಜೊತೆಯವರಿಗೆ ಒಪ್ಪಿಸಿ, ಹೆಗಲ ಮೇಲಿನ ಒದ್ದೆ ಕಂಬಳಿಯ ಸಮೇತ ಆಸ್ಪತ್ರೆಗೆ ಬಂದ. ಕೂಸನ್ನು ಮೊದಲು ಕಂಬಳಿಯ ಮೇಲೆ ಮಲಗಿಸಬೇಕು ಎಂಬುದು ನಮ್ಮ ಬೀರಪ್ಪನ ಒಕ್ಕಲಿನ ಪದ್ಧತಿ. ನರ್ಸ್‌ಬಾಯಿ ಕುರಿವಾಸನೆಗೆ ಮೂಗು ಮುಚ್ಚಿಕೊಂಡು ಅದನ್ನು ಮಂಚದ ಕೆಳಗೆ ತಳ್ಳುವುದು, ಆಕೆ ಆಚೆ ಹೋದಾಗ ಅವ್ವ ಅದನ್ನು ಮತ್ತೆ ಮೇಲೆ ಹಾಸುವುದು, ಇಡೀ ದಿನ ಇದೇ ನಡೆಯಿತು.

ಆ ಹೊತ್ತಿನಲ್ಲೇ ಹೋಟಗಿಯಲ್ಲಿ ಅತ್ತೆ ಇನ್ನೊಂದು ಕೆಲಸ ಮಾಡಿಬಿಟ್ಟಿದ್ದರು. ಆಂಬುಲೆನ್ಸಿನ ಸುದ್ದಿ ಫೋನಿನಲ್ಲಿ ಕೇಳಿ, ದೇವರ ಮುಂದೆ ಭಂಡಾರದ, ಅಂದರೆ ದೇವರ ಅರಿಸಿನದ, ಬಟ್ಟಲು ಹಿಡಿದು ಮೈಲಾರಪ್ಪನಿಗೆ ಹರಕೆ ಹೊತ್ತಿದ್ದರು. ತಾಯಿ ಮಗು ಇಬ್ಬರೂ ಉಳಿದರೆ, ಸೊಸೆ ಕೂಸನ್ನು ಎತ್ತಿಕೊಂಡು ಐದು ಮನೆ ಬೇಡುತ್ತಾಳೆ, ಬೇಡಿ ತಂದದ್ದನ್ನು ಬೇಯಿಸಿ ಮನೆಯವರಿಗೆಲ್ಲ ಉಣ್ಣಲು ಹಾಕುತ್ತಾಳೆ ಅಂತ. ಬೇಡುವವಳು ನಾನು, ಹೊತ್ತವರು ಅವರು. ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಕರಜಗಿಯ ಬಾಣಂತನದ ಬಗ್ಗೆ ದೂರುವಂಥದ್ದೇನೂ ಇಲ್ಲ. ಹೊರಸಿನ ಕೆಳಗೆ ಕೆಂಡ, ಮೈಗೆ ಎಣ್ಣೆ, ತಲೆಗೆ ಬಿಗಿಯಾಗಿ ಅರಿವೆ. ಬಿಸಿ ಜೋಳದ ರೊಟ್ಟಿ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಮೆಣಸಿನ ಸಾರು, ಮೇಲೆ ಕಣ್ಣು ಮುಚ್ಚಿ ಸುರಿದ ತುಪ್ಪ. ಅವ್ವ ಎದುರಿಗೆ ಕೂತು ತಿನ್ನಿಸುತ್ತಿದ್ದಳು, ಸಾಕು ಎಂದರೆ ಬೈಯುತ್ತಿದ್ದಳು. ನೀರಿಗೆ ಮಾತ್ರ ಬಿಗಿ. ಬಾಣಂತಿ ನೀರು ಕುಡಿದರೆ ಕೂಸಿಗೆ ನೆಗಡಿ ಎಂದು ಕಾಯಿಸಿದ ನೀರನ್ನು ಸಣ್ಣ ಬಟ್ಟಲಿನಲ್ಲಿ ಔಷಧದಂತೆ ಕೊಡುತ್ತಿದ್ದಳು. ಆ ಚಟ ನನಗೂ ಅಂಟಿತು, ಬಾಯಾರಿದರೂ ಸುಮ್ಮನಿರುವುದು. ಮಗಳಿಗೆ ಹಾಲು ಧಾರಾಳವಾಗಿತ್ತು. ದಸರೆಗೆ ಮುಂಚೆ ಕೂಸಿಗೆ ಮೂರನೇ ತಿಂಗಳಲ್ಲಿ ನನ್ನನ್ನು ಗಂಡನ ಮನೆಗೆ ಕಳಿಸಿಕೊಟ್ಟರು.

ಹೋಟಗಿಯ ಮನೆಯಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ಉಣ್ಣಬೇಕು. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಕರಜಗಿಯಲ್ಲೂ ಹಾಗೆಯೇ. ಆದರೆ ಕರಜಗಿಯ ಗಂಡಸರು ಹೊಲದಿಂದ ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಹಿಂದೆಯೇ ಹೆಂಗಸರು ಕೂರುತ್ತಾರೆ. ಹೋಟಗಿಯಲ್ಲಿ ಮಾವ ಹೊಲದಿಂದ ಬರುವುದು ಒಂದು ಹೊತ್ತಿಗೆ. ನನ್ನ ಗಂಡ ರೈಲ್ವೆ ಹಳಿಯ ಕೆಲಸದವರು, ಅವರ ಡ್ಯೂಟಿ ಮುಗಿಯುವುದು ಇನ್ನೊಂದು ಹೊತ್ತಿಗೆ. ಮೈದುನ ಸೊಲ್ಲಾಪುರದಲ್ಲಿ ಟವೆಲ್ ನೇಯುವ ಕಾರ್ಖಾನೆಗೆ ಹೋಗುತ್ತಾನೆ, ಅವನು ಬರುವುದು ರೈಲು ಬಂದಾಗ. ರೈಲು ತಡವಾದರೆ ಅವನು ತಡ, ಅವನು ತಡವಾದರೆ ನನ್ನ ಊಟ ತಡ. ಕಡೆಯ ಗಂಡಸು ಕೈತೊಳೆಯುವ ಹೊತ್ತಿಗೆ ಊರಿನಲ್ಲಿ ಸಂಜೆಯ ಚಹಾಕ್ಕೆ ಇಟ್ಟಿರುತ್ತಿದ್ದರು. ಎಂದೋ ಹೊಲಕ್ಕಾಗಿ ಮಾಡಿದ ಪದ್ಧತಿಯನ್ನು ರೈಲಿನ ಟೈಮಿಗೆ ಕಟ್ಟಿದ್ದರು. ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಬೆಳಿಗ್ಗೆ ಒಂದು ಕಪ್ಪು ಚಹಾ, ಅದರಲ್ಲಿ ಅದ್ದಿಕೊಳ್ಳಲು ಒಂದು ಖಾರಿ ಬಿಸ್ಕತ್ತು. ಆಮೇಲೆ ರೊಟ್ಟಿ ಬಡಿಯುವುದು, ಕೂಸಿಗೆ ಎರೆಯುವುದು. ಎರೆದ ಮೇಲೆ ಅತ್ತೆ ದಿನಾ ಓಮಿನ ಹೊಗೆ ಹಾಕುತ್ತಿದ್ದರು. ಸರಿಯಾಗಿ ಆ ಹೊತ್ತಿಗೇ ಹಸಿವು ಏಳುತ್ತಿತ್ತು. ಬುಟ್ಟಿಯಲ್ಲಿ ರೊಟ್ಟಿ ತುಂಬಿರುತ್ತಿತ್ತು, ಅದರ ಮೇಲೆ ಅರಿವೆ ಮುಚ್ಚಿರುತ್ತಿತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡು ನಾನು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ತಿರುಗುತ್ತಿದ್ದೆ. ಗಾಡಿಯ ಸದ್ದು ಕೇಳಿದರೆ ನಿಲ್ಲುತ್ತಿದ್ದೆ. ನಿಲ್ಲದೆ ಗಡಗಡ ಓಡಿಹೋದರೆ ಅದು ಗೂಡ್ಸ್, ನನ್ನದಲ್ಲ. ಬ್ರೇಕು ಕಿರುಗುಟ್ಟಿದರೆ ಮೈದುನ ಬಂದ. ಜಂಕ್ಷನ್ನಿನ ಊರು, ಒಂದು ಗಾಡಿಯೇ ಎರಡೇ? ಕೂಸು ಮಲಗಿದ್ದರೂ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ, ಕಾಲು ತಾವೇ ನಡೆಯುತ್ತಿದ್ದವು. ಅವಳು ಸುಮ್ಮನೆ ಕೂರುವುದೇ ಇಲ್ಲ ಎಂದು ಅತ್ತೆ ನೆರೆಯವರ ಮುಂದೆ ನನ್ನನ್ನು ಹೊಗಳುತ್ತಿದ್ದರು.

ಗಂಡನಿಗೆ ಹೇಳಿದೆ. ಉಣ್ಣು ಮತ್ತೆ, ಯಾರು ಬೇಡ ಅಂದಾರೆ ಎಂದರು. ಅದೇ ತಾಪತ್ರಯ, ಯಾರೂ ಬೇಡ ಎಂದಿರಲಿಲ್ಲ. ಆದರೆ ಅತ್ತೆಯೂ ಉಂಡಿರುತ್ತಿರಲಿಲ್ಲ. ಅವರು ಗೋಡೆಗೆ ಒರಗಿ, ಸಣ್ಣ ಡಬ್ಬಿ ತೆರೆದು, ಮಿಶ್ರಿ ಎಂದು ನಾವು ಕರೆಯುವ ಸುಟ್ಟ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕಿಕೊಳ್ಳುತ್ತ ಕೂರುತ್ತಿದ್ದರು. ಅದರಿಂದ ಹಸಿವು ಸಾಯುತ್ತದಂತೆ. ಅಷ್ಟು ವರ್ಷ ಹಸಿವನ್ನು ಹಾಗೆ ಸಾಯಿಸಿಕೊಂಡು ಬಂದ ಹೆಂಗಸಿನ ಎದುರು ನಾನು ಗಂಗಾಳ ಹಾಕಿಕೊಂಡು ಕೂರುವುದು ಹೇಗೆ?

ದೀಪಾವಳಿ ಕಳೆಯಿತು. ಮಗಳು ಮೊಲೆಗೆ ಬಾಯಿ ಹಾಕಿ, ಎಳೆದು, ಬಿಟ್ಟು ಅಳತೊಡಗಿದಳು. ಮತ್ತೆ ಹಾಕುವಳು, ಮತ್ತೆ ಬಿಟ್ಟು ಅಳುವಳು. ಲಸಿಕೆಗೆ ಒಯ್ದಾಗ ನರ್ಸ್‌ಬಾಯಿ ತೂಗಿ, ಮತ್ತೊಮ್ಮೆ ತೂಗಿ, ತೂಕ ಏರಿಲ್ಲ ಎಂದರು. ನೀನು ಸರಿಯಾಗಿ ಉಣ್ಣುತ್ತೀಯೇನು ಎಂದು ಮರಾಠಿಯಲ್ಲಿ ಕೇಳಿದರು. ಪಕ್ಕದಲ್ಲೇ ಅತ್ತೆ ಇದ್ದರು. ಹೌದು ಎಂದೆ. ಒಂದೆರಡು ವಾರ ನೋಡೋಣ, ಆಗದಿದ್ದರೆ ಮೇಲಿನ ಹಾಲು ಶುರು ಮಾಡಿ ಎಂದರು. ಗಂಡ ಮರುದಿನವೇ ಸೊಲ್ಲಾಪುರದಿಂದ ಹಾಲಿನ ಪುಡಿಯ ಡಬ್ಬಿ ತಂದರು, ಪ್ರೀತಿಯಿಂದಲೇ ತಂದರು. ಅದರ ಮೇಲೆ ಗುಂಡುಗುಂಡಾದ ಕೂಸೊಂದು ನಗುತ್ತಿತ್ತು. ಅದನ್ನು ಗೋಡೆಯ ಮಾಡದಲ್ಲಿ ಇಟ್ಟರು. ನನಗೆ ಆ ಡಬ್ಬಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆ ಹಾಲು ಕುಡಿದ ಮಕ್ಕಳೂ ಚೆನ್ನಾಗಿಯೇ ಬೆಳೆಯುತ್ತಾರೆ, ಗೊತ್ತಿತ್ತು. ಆದರೆ ನನ್ನ ಹಾಲು ಬತ್ತಿದ್ದು ಯಾಕೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಬುಟ್ಟಿ ತುಂಬ ರೊಟ್ಟಿ ಇರುವ ಮನೆಯಲ್ಲಿ ನನ್ನ ಮಗಳು ತಾಯಿಯ ಹಾಲು ಕಳೆದುಕೊಳ್ಳುವುದನ್ನು ನಾನು ಹೇಗೆ ಒಪ್ಪಲಿ? ಬಾಯಿಬಿಟ್ಟು ಹೇಳಲೂ ನಾಚಿಕೆ. ಕಾಯಿಲೆಯಾದರೆ ಹೇಳಬಹುದು, ಹಸಿವನ್ನು ಹೇಗೆ ಹೇಳುವುದು?

ಹರಕೆಯ ವಿಷಯ ಹೊರಬಂದದ್ದು ಆಗ. ಮೈಲಾರಪ್ಪನ ಹಬ್ಬ ಚಂಪಾಷಷ್ಠಿ ಹತ್ತಿರ ಬಂದಿತ್ತು. ಮೈಲಾರಪ್ಪನ ಹರಕೆ ತೀರಿಸದೆ ಕೂತಿದ್ದೇವೆ, ಅದಕ್ಕೇ ಹಾಲು ಇಂಗಿದೆ ಎಂದು ಅತ್ತೆ ತೀರ್ಮಾನ ಮಾಡಿದರು. ಷಷ್ಠಿಯ ದಿನ ಬೇಡಿಬರುವುದು, ಆಗಲೂ ಹಾಲು ಬರದಿದ್ದರೆ ಮರುದಿನ ಡಬ್ಬಿ ಒಡೆಯುವುದು. ಬೇಡಿ ಬರುವ ತನಕ ನಾನು ಏನೂ ತಿನ್ನುವಂತಿಲ್ಲ, ಆ ದಿನ ಚಹಾ ಖಾರಿಯೂ ಇಲ್ಲ. ಹಾಲಿಗಾಗಿ ಉಪವಾಸ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆ ದಿನ ಅತ್ತೆ ನನ್ನ ಹಣೆಗೂ ಕೂಸಿನ ಹಣೆಗೂ ಭಂಡಾರ ಬಳಿದು, ಹೆಗಲಿಗೆ ಜೋಳಿಗೆ ಹಾಕಿದರು. ತಾವು ನೈವೇದ್ಯದ ಬದನೆಕಾಯಿ ಸುಡಲು ಒಲೆಯ ಮುಂದೆ ಕೂತರು. ಚಳಿಗೆ ನೆಲ ಕೊರೆಯುತ್ತಿತ್ತು, ಬರಿಗಾಲಲ್ಲಿ ಹೊರಟೆ. ಮೊದಲ ಮನೆಯ ಮುಂದೆ "ಏಳುಕೋಟಿ ಏಳುಕೋಟಿಗೋ" ಎಂದು ಕೂಗಲು ದನಿಯೇ ಏಳಲಿಲ್ಲ. ಎಷ್ಟೆಂದರೂ ಬೇಡುವುದು. ಮೊರದಲ್ಲಿ ಜೋಳದ ಹಿಟ್ಟು ತಂದು ಹಾಕಿದರು. ಎರಡನೇ ಮನೆಯಲ್ಲಿ ಸಜ್ಜೆ ಹಿಟ್ಟು, ಮೂರನೆಯದರಲ್ಲಿ ಹಸಿ ಉಳ್ಳಾಗಡ್ಡಿ. ಎಲ್ಲರೂ ಕೂಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೂಸು ಅಳುತ್ತಲೇ ಇತ್ತು.

ನಾಲ್ಕನೆಯದು ಖಾಲಾನ ಮನೆ. ಆಕೆಯ ಗಂಡ ನಮ್ಮವರ ಜೊತೆಯೇ ಹಳಿಯ ಮೇಲೆ ಕೆಲಸ ಮಾಡುವವರು. ಇಡೀ ಓಣಿ ಆಕೆಯನ್ನು ಖಾಲಾ, ಉರ್ದುವಿನಲ್ಲಿ ಚಿಕ್ಕಮ್ಮ, ಎಂದೇ ಕರೆಯುವುದು. ಮೈಲಾರಪ್ಪನ ಜೋಳಿಗೆಗೆ ಆಕೆ ಎಂದೂ ಇಲ್ಲ ಎಂದವಳಲ್ಲ. ಅಂದು ಮಾತ್ರ ಕೈಯೆಲ್ಲ ಹಿಟ್ಟಾಗಿ ಬಾಗಿಲಿಗೆ ಬಂದು ಪೇಚಾಡಿದಳು. ಡಬ್ಬಿಯ ಹಿಟ್ಟೆಲ್ಲ ಈಗಷ್ಟೇ ಕಲಸಿದ್ದಾಗಿದೆ, ಒಣ ಹಿಟ್ಟು ಒಂದು ಹಿಡಿಯೂ ಉಳಿದಿಲ್ಲ, ಏನು ಹಾಕಲಿ? ಒಳಗೆ ಹೋಗಿ ಹೆಂಚಿನ ಮೇಲಿಂದ ಆಗತಾನೆ ಇಳಿಸಿದ ರೊಟ್ಟಿ ತಂದಳು, ಮೇಲೆ ಒಂದು ಮುಷ್ಟಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅದರ ಮೇಲೆ ಎಣ್ಣೆ. ರೊಟ್ಟಿಯಿಂದ ಹಬೆ ಏಳುತ್ತಿತ್ತು.

ಬೇಡಿದ್ದು ಮೊದಲು ಮನೆಗೆ ಹೋಗಬೇಕು. ದೇವರಿಗೆ ತೋರಿಸಬೇಕು, ಆಮೇಲೆ ಗಂಡಸರು, ಆಮೇಲೆ ನಾವು. ನನಗೆ ಗೊತ್ತಿತ್ತು. ನಾನು ಆ ಹೊಸ್ತಿಲ ಮೇಲೆ ಕುಸಿದು ಕೂತು ರೊಟ್ಟಿ ಮುರಿದೆ. ಮೊದಲ ತುತ್ತಿಗೆ ಬಾಯಿ ಸುಟ್ಟಿತು, ಆದರೂ ನಿಲ್ಲಿಸಲಿಲ್ಲ. ಖಾಲಾ ಕೂಸನ್ನು ನನ್ನ ತೋಳಿನಿಂದ ಎತ್ತಿಕೊಂಡಳು.

"ಸಾವಕಾಸ ತಿನ್ನು ಬೇಟಿ. ಇನ್ನೊಂದು ಹೆಂಚಿನ ಮ್ಯಾಲ ಅದ."

ಇನ್ನೊಂದೂ ತಿಂದೆ. ತಂಬಿಗೆಯಲ್ಲಿ ನೀರು ತಂದಳು. ಅವ್ವನ ನೆಗಡಿಯ ಮಾತು ನೆನಪಾಯಿತು, ಆದರೂ ತಂಬಿಗೆ ಎತ್ತಿ ಗಟಗಟ ಮುಗಿಸಿದೆ, ಮತ್ತೊಂದು ತಂಬಿಗೆ ಕೇಳಿದೆ. ಅಳುತ್ತಿದ್ದ ಕೂಸನ್ನು ಖಾಲಾ ನನ್ನ ಮಡಿಲಿಗೆ ಹಾಕಿ, ಸೆರಗು ಮುಂದೆ ಎಳೆದು, ಬಾಗಿಲಿಗೆ ಅಡ್ಡವಾಗಿ ನಿಂತಳು. ಅದು ರೊಟ್ಟಿಯ ಗುಣವೋ, ನೀರಿನದೋ, ಬಹಳ ದಿನಗಳ ಮೇಲೆ ಒಂದು ಕಡೆ ನೆಮ್ಮದಿಯಾಗಿ ಕೂತದ್ದರದೋ ನಾನು ಹೇಳಲಾರೆ. ಕೂಸು ಎಳೆಯಿತು, ಬಿಡಲಿಲ್ಲ. ಗುಟುಕ್ ಗುಟುಕ್ ಎಂದು ನುಂಗುವ ಸದ್ದು ಕೇಳಿಸಿತು. ಆ ಸದ್ದನ್ನು ನಾನು ಮರೆತೇ ಬಿಟ್ಟಿದ್ದೆ. ಖಾಲಾನ ಹೊಸ್ತಿಲ ಮೇಲೆ ಕೂತು ನಾನು ಅತ್ತುಬಿಟ್ಟೆ, ಜೋರಾಗಿಯೇ ಅತ್ತುಬಿಟ್ಟೆ.

ಕೂಸು ಅಲ್ಲೇ ನಿದ್ದೆ ಹೋಯಿತು. ಐದನೇ ಮನೆ ಓಣಿಯ ಆಚೆ ತುದಿಯಲ್ಲಿತ್ತು. ಅಲ್ಲಿಗೆ ಹೋಗಲಿಲ್ಲ. ಉಂಡ ಬಾಯಿಯಲ್ಲಿ ದೇವರ ಹೆಸರು ಹೇಳಿ ಬೇಡುವುದು ಸರಿಯಲ್ಲ ಎನಿಸಿತು. ನೇರ ಮನೆಗೆ ಬಂದೆ.

ಅತ್ತೆ ಸುಟ್ಟ ಬದನೆಕಾಯಿಯ ಸಿಪ್ಪೆ ಬಿಡಿಸುತ್ತಿದ್ದರು, ಕೈಯೆಲ್ಲ ಮಸಿ. ಜೋಳಿಗೆ ಇಣುಕಿ ನೋಡಿದರು. ಹಿಟ್ಟು, ಹಿಟ್ಟು, ಉಳ್ಳಾಗಡ್ಡಿ. ಉಳಿದ ಎರಡು ಮನೆಯದು ಎಲ್ಲಿ ಎಂದು ಕೇಳಿದರು. ಮುಚ್ಚಿಡಬಹುದಿತ್ತು. ಆದರೆ ಹೊಟ್ಟೆ ತುಂಬಿದವಳಿಗೆ ಬರುವ ಧೈರ್ಯವೇ ಬೇರೆ. ನಾಲ್ಕನೇ ಮನೆಯದು ತಿಂದೆ, ಐದನೇ ಮನೆಗೆ ಹೋಗಲಿಲ್ಲ ಎಂದೆ. ಅವರ ಕೈ ನಿಂತಿತು. ಒಲೆಯಲ್ಲಿ ಇನ್ನೊಂದು ಬದನೆಕಾಯಿ ಚಟ್ಟೆಂದು ಸಿಡಿಯಿತು.

"ಹಸಿವಾಗಿತ್ತೇನ?" ಎಂದರು.

"ದಿನಾ ಆಗ್ತದ್ರಿ ಅತ್ತಿ."

ಅವರು ನನ್ನನ್ನು ನೋಡಲಿಲ್ಲ. ಮಲಗಿದ ಕೂಸಿನ ಬಾಯಿಯ ಅಂಚಿನಲ್ಲಿ ಹಾಲು ಒಸರಿ ಒಣಗಿದ್ದನ್ನು ನೋಡುತ್ತಿದ್ದರು. ಎದ್ದು ಕೈತೊಳೆದು, ಇದ್ದಷ್ಟೇ ಹಿಟ್ಟಿನಲ್ಲಿ ರೊಟ್ಟಿ ಮಾಡಿದರು, ಬದನೆಕಾಯಿ ಭರ್ತಕ್ಕೆ ಉಳ್ಳಾಗಡ್ಡಿ ಹಾಕಿ ಕಲಸಿದರು, ದೇವರಿಗೆ ತೋರಿಸಿದರು.

ಹಬ್ಬವೆಂದು ಅಂದು ಗಂಡಸರು ಮೂವರೂ ಮನೆಯಲ್ಲೇ ಇದ್ದರು, ಸಾಲಾಗಿ ಕೂತಿದ್ದರು. ಅತ್ತೆ ಮೊದಲ ಗಂಗಾಳವನ್ನು ಮಾವನ ಮುಂದೆ ಇಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕೈಗೆ ಕೊಟ್ಟರು. ಮಾವ ತಲೆ ಎತ್ತಿದರು.

"ಹರಕಿ ಕೆಟ್ಟದ," ಅತ್ತೆ ಮುಖದ ಗೀಟು ಅಲುಗದೆ ಹೇಳಿದರು. "ದೇವರ ಪಾಲು ಹಾದ್ಯಾಗ ಇಕಿ ಹೊಟ್ಟ್ಯಾಗ ಹೋಗ್ಯಾದ. ಈಗ ಮೈಲಾರಪ್ಪ ಅಲ್ಲೇ ಕುಂತಾನ. ದಿನಾ ಮೊದಲ ಪಾಲು ಅಲ್ಲೇ ಹೋಗಬೇಕು. ನಿಮ್ದೆಲ್ಲಾ ಆಮ್ಯಾಲ."

ಎಷ್ಟು ದಿನ ಎಂದು ಮಾವ ಕೇಳಿದರು. ದೇವರನ್ನೇ ಕೇಳಿರಿ ಎಂದು ಅತ್ತೆ ಭರ್ತ ಬಡಿಸತೊಡಗಿದರು. ಮೊದಲು ಉಂಡ ತಪ್ಪಿಗೆ ದಿನಾ ಮೊದಲು ಉಣ್ಣುವುದೇ ದಂಡವೇ, ಇದೆಂಥ ಲೆಕ್ಕ ಎಂದು ಯಾರೂ ಕೇಳಲಿಲ್ಲ. ಸೊಸೆಗೆ ಹಸಿವು ಎಂದಿದ್ದರೆ ನೂರು ಮಾತು ಬರುತ್ತಿದ್ದವು. ದೇವರ ಸಿಟ್ಟು ಎಂದ ಮೇಲೆ ಮಾತಿಲ್ಲ. ಮೈದುನ ನನ್ನ ಹೊಟ್ಟೆಯ ಕಡೆ ನೋಡಿ ಕೈಮುಗಿದ, ತಮಾಷೆಗೋ ನಿಜಕ್ಕೋ ಗೊತ್ತಿಲ್ಲ. ಅತ್ತೆ ಆ ಮಾತನ್ನು ನಂಬಿ ಹೇಳಿದರೋ, ಅಲ್ಲೇ ನಿಂತು ಕಟ್ಟಿ ಹೇಳಿದರೋ, ನಾನು ಇವತ್ತಿನವರೆಗೂ ಕೇಳಿಲ್ಲ.

ಮರುದಿನದಿಂದ, ಯಾವ ಗಾಡಿ ಬರಲಿ ಬಿಡಲಿ, ಕೂಸಿಗೆ ಹೊಗೆ ಹಾಕಿದ ಮೇಲೆ ನನ್ನ ಗಂಗಾಳ ಬರುತ್ತಿತ್ತು, ಪಕ್ಕದಲ್ಲಿ ತುಂಬಿದ ತಂಬಿಗೆ. ಮಗಳ ತೂಕ ಏರಿತು. ಹಾಲಿನ ಪುಡಿಯ ಡಬ್ಬಿಯನ್ನು ಒಂದು ದಿನ ಮೈದುನ ಒಡೆದು, ಹಾಲಿನವನು ಬಾರದ ದಿನಗಳಲ್ಲಿ ಚಹಾಕ್ಕೆ ಹಾಕಿ ಕುಡಿದು ಮುಗಿಸಿದ, ಒಳ್ಳೆ ರುಚಿ ಅದ ಎಂದ. ಬೇಸಿಗೆಯಲ್ಲಿ ಮಗಳ ಜಾವಳ, ಅಂದರೆ ಹುಟ್ಟುಗೂದಲು, ತೆಗೆಸಿದ ಮೇಲೆ, ಇನ್ನು ದೇವರ ಸಿಟ್ಟು ಇಳಿದಿರಬೇಕಲ್ಲ ಎಂದು ಮಾವ ಮೆಲ್ಲಗೆ ಕೇಳಿದರು. "ಐದನೇ ಮನಿ ಬಾಕಿ ಅದ," ಎಂದರು ಅತ್ತೆ. ಮುಂದಿನ ಷಷ್ಠಿಗೂ ಅದೇ ಮಾತು. ಆ ಐದನೇ ಮನೆಗೆ ಅವರು ನನ್ನನ್ನು ಕಳಿಸಲೇ ಇಲ್ಲ.

ಆದರೆ ಅವರು ಮಾತ್ರ ನನ್ನ ಜೊತೆ ಕೂರಲಿಲ್ಲ. ಎಷ್ಟು ಕರೆದರೂ, ಹರಕೆ ನಿನ್ನ ಮೇಲಿನದು ಎಂದು ಮಿಶ್ರಿಯ ಡಬ್ಬಿ ತೆರೆಯುತ್ತಿದ್ದರು. ಉಣ್ಣುವಾಗ ನನಗೆ ಅದೊಂದು ಮುಳ್ಳಾಗಿ ಉಳಿಯಿತು. ನನ್ನ ಕಾಲು ನಿಂತವು, ಮನಸ್ಸು ನಿಲ್ಲಲಿಲ್ಲ. ಈಗ ಅವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ಡಾಕ್ಟರು ಹೇಳಿದ್ದಾರೆ, ಅವರು ಕೇಳುವುದಿಲ್ಲ.

ಹೋದ ತಿಂಗಳು ಕರಜಗಿಯಲ್ಲಿ ಹೆಸರಿಟ್ಟಾದ ಮೇಲೂ ಗಂಡಸರು ಅಂಗಳದಲ್ಲಿ ಯಾರಿಗೋ ಕಾಯುತ್ತ ಕೂತಿದ್ದರು, ಅಕ್ಕಲಕೋಟದಿಂದ ಬರುವ ಬಸ್ಸು ತಡವಾಗಿತ್ತು. ಬಾಣಂತಿಗೆ ಅವ್ವ ಆಗಲೇ ಉಣ್ಣಿಸಿದ್ದಳು. ಅತ್ತೆ ಒಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಮಿಶ್ರಿಯ ಡಬ್ಬಿಯ ಮುಚ್ಚಳ ತೆಗೆಯುವುದನ್ನು ಕಂಡೆ. ಗಂಗಾಳದಲ್ಲಿ ರೊಟ್ಟಿ, ಪಲ್ಯ ಹಾಕಿ ಅವರ ಮುಂದೆ ಇಟ್ಟೆ.

"ಗಂಡಸರು ಇನ್ನೂ ಉಂಡಿಲ್ಲ," ಎಂದರು.

"ಐದನೇ ಮನಿ ಬಾಕಿ ಅದಲ್ರಿ."

ಅವರು ನಕ್ಕರು. ಆಮೇಲೆ ಗಂಗಾಳವನ್ನು ನನ್ನ ಕಡೆ ಸರಿಸಿದರು. "ಅದು ನಿನ್ನ ಹರಕಿ. ನನ್ನ ಹೆಸರಿಲೆ ಯಾರೂ ಹರಕಿ ಹೊತ್ತಿಲ್ಲವಾ."

ದೂರಿನ ದನಿಯಲ್ಲಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೆ. ಗಂಗಾಳವನ್ನು ಮತ್ತೆ ಅವರ ಮುಂದೆ ಸರಿಸಿದೆ.

"ನಾ ಹೊತ್ತೀನ್ರಿ ಅತ್ತಿ. ಉಣ್ರಿ."

ಅವರು ಡಬ್ಬಿಯ ಮುಚ್ಚಳ ಮುಚ್ಚಿದರು. ರೊಟ್ಟಿಯ ಅಂಚು ಮುರಿದು ಬಾಯಿಗೆ ಇಟ್ಟುಕೊಂಡರು. ಹೊರಗೆ ಬಸ್ಸಿನ ಸದ್ದಾಯಿತು, ಗಂಡಸರ ದನಿಗಳು ಬಾಗಿಲಿಗೆ ಹತ್ತಿರವಾದವು. ಅತ್ತೆ ಎಡಗೈಯಿಂದ ತಲೆಯ ಸೆರಗು ಮುಂದಕ್ಕೆ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ, ಉಣ್ಣುತ್ತಲೇ ಇದ್ದರು.